ಮುನ್ನುಡಿರಾಯರು

ಪುಸ್ತಕಗಳನ್ನು ಓದದವರಿಂದ ಲೋಕಕ್ಕೆ ಹೇಳಿಕೊಳ್ಳುವಂಥ ಹಾನಿಯೇನೂ ಇಲ್ಲ. ಅವರು ತಮ್ಮ ಪಾಡಿಗೆ ತಾವು ಕಬ್ಬು ಬೆಳೆದು, ಸೀರೆ ನೇಯ್ದು, ಮಕ್ಕಳ ಮದುವೆ ಮಾಡಿ, ಆ ಸಾಲ ತೀರಿಸುತ್ತ ಸುಖವಾಗಿರುತ್ತಾರೆ. ಎಲ್ಲವನ್ನೂ ಓದಿದವರಿಂದಲೂ ಅಷ್ಟಾಗಿ ಉಪದ್ರವವಿಲ್ಲ. ಓದುವುದರಲ್ಲಿಯೇ ಹೊತ್ತು ಕಳೆದುಹೋಗಿ ಅವರಿಗೆ ಮಾತಿಗೆ ಬಿಡುವೇ ದೊರೆಯದು. ಈ ಇಬ್ಬರ ನಡುವೆ ಇನ್ನೊಂದು ವರ್ಗವಿದೆ. ಬೀಗರ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಎದ್ದುಬಂದು, ಒಳಮನೆಯ ಸಮಾಚಾರವನ್ನೆಲ್ಲ ಊರಿಗೆ ಹೇಳುವವರಂತೆ, ಗ್ರಂಥದ ಹೊರಗೆ ಕುಳಿತೇ ಗ್ರಂಥಾಂತರಂಗವನ್ನು ವಿವರಿಸಬಲ್ಲ ಮಹನೀಯರು ಅವರು. ಆ ವರ್ಗದ ಶಿರೋಮಣಿಯೊಬ್ಬರು ನಮ್ಮ ಓದುಗರ ಕೂಟದಲ್ಲಿದ್ದಾರೆ. ಅವರಿಗೆ ಮುನ್ನುಡಿರಾಯರೆಂಬ ಹೆಸರನ್ನು ನಾವು ಬೆನ್ನ ಹಿಂದೆ ಇಟ್ಟೆವು. ಅದು ಅವರ ಕಿವಿಗೆ ಬಿದ್ದಾಗ ಅವರು ಅದನ್ನು ಬಿರುದೆಂದೇ ಭಾವಿಸಿ ಸ್ವೀಕರಿಸಿದರು.

ಕೂಟವೆಂದೊಡನೆ ಓದುಗರು ದೊಡ್ಡ ಸಂಸ್ಥೆಯನ್ನು ಕಲ್ಪಿಸಿಕೊಳ್ಳಬಾರದು. ಅದಕ್ಕೆ ನಿಯಮಾವಳಿಯಿಲ್ಲ, ಅಧ್ಯಕ್ಷರಿಲ್ಲ, ಖಜಾಂಚಿಯಿಲ್ಲ. ಖಜಾನೆಯೇ ಇಲ್ಲದುದರಿಂದ ಆತನ ಕೊರತೆ ಯಾರಿಗೂ ತೋರಿಲ್ಲ. ಅಮಾವಾಸ್ಯೆಯಂದು ನಮ್ಮ ಕಡೆ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲವಾಗಿ, ರೈತರಾದ ಸದಸ್ಯರಿಗೆ ಅನುಕೂಲವಾಗಲೆಂದು ಅದೇ ದಿನ ಗೊತ್ತಾಯಿತು. ಈಗ ಎತ್ತುಗಳು ಹೋಗಿ ಟ್ರ್ಯಾಕ್ಟರುಗಳು ಬಂದಿವೆ. ಅಮಾವಾಸ್ಯೆ ಮಾತ್ರ ಉಳಿದಿದೆ. ಒಮ್ಮೆ ಜಮಖಂಡಿ, ಒಮ್ಮೆ ಮುಧೋಳ, ಆಮೇಲೆ ಬೀಳಗಿ, ಆಮೇಲೆ ರಬಕವಿ-ಬನಹಟ್ಟಿ ಎಂದು ಸರದಿಯಂತೆ ಯಾರದಾದರೊಂದು ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಾರೆ. ಪ್ರತಿಯೊಬ್ಬರೂ ಒಂದು ಪುಸ್ತಕ ತರತಕ್ಕದ್ದು, ಒಂದು ಒಯ್ಯತಕ್ಕದ್ದು, ಹಿಂದಿನ ಸಲ ಒಯ್ದುದನ್ನು ಕುರಿತು ನಾಲ್ಕು ಮಾತನಾಡತಕ್ಕದ್ದು. ಚುರುಮರಿಯೂ ಮಿರ್ಚಿ ಭಜಿಯೂ ಮನೆಯವರ ಲೆಕ್ಕ. ನಮ್ಮ ಪುಸ್ತಕಗಳಲ್ಲಿ ಎಣ್ಣೆಯ ಬೆರಳಚ್ಚಿಲ್ಲದ ಪುಟಗಳು ದುರ್ಲಭ.

ರಾಯರ ಪುಸ್ತಕಗಳಲ್ಲಿ ಮಾತ್ರ ಅವು ಸುಲಭ. ಅವರಿಂದ ಹಿಂತಿರುಗಿದ ಗ್ರಂಥವನ್ನು ತೆರೆದು ನೋಡಿದರೆ, ರೋಮನ್ ಅಂಕಿಗಳಿರುವ ಪುಟಗಳು ಮುಗಿಯುವವರೆಗೆ ಪೆನ್ಸಿಲಿನ ಗೆರೆಗಳು, ಅಂಚಿನಲ್ಲಿ ‘ಸತ್ಯ’, ‘ಗಮನಾರ್ಹ’, ‘ಇಲ್ಲಿ ಭಿನ್ನಾಭಿಪ್ರಾಯವಿದೆ’ ಎಂಬ ಟಿಪ್ಪಣಿಗಳು, ಅರಿಸಿನ ತಾಗಿದ ಹೆಬ್ಬೆಟ್ಟಿನ ಗುರುತು. ಒಂದನೆಯ ಪುಟ ಬಂತೋ, ಅಲ್ಲಿಂದಾಚೆಗೆ ಕನ್ಯಾಭೂಮಿ. ಒಮ್ಮೆ ನಾನು ಧೈರ್ಯಮಾಡಿ ಇದನ್ನು ಪ್ರಸ್ತಾಪಿಸಿದೆನು. ಅವರು ಎಳ್ಳಷ್ಟೂ ಕಂಗೆಡದೆ ಹೇಳಿದರು: “ಅಲ್ರೀ ಮಾಸ್ತರ, ಮುನ್ನುಡಿ ಬರದಾವ ಪುಸ್ತಕಾ ಪೂರಾ ಓದಿರತಾನಿಲ್ಲೋ? ಓದಿದಾವ ಹೇಳಿದ ಮ್ಯಾಲ ಮತ್ತ ನಾನೂ ಓದಿದರ ಅವನ ಮ್ಯಾಲ ಸಂಶೇ ಪಟ್ಟಂಗ ಆಗೂದಿಲ್ಲೇನ್ರಿ?” ಮುನ್ನುಡಿ ಬರೆದಾತನು ಪುಸ್ತಕವನ್ನು ಪೂರ್ತಿ ಓದಿರುತ್ತಾನೆಂಬ ಮೂಲಪ್ರಮೇಯವನ್ನೇ ಪ್ರಶ್ನಿಸಬಹುದಾಗಿತ್ತು. ನಾನೂ ಒಂದೆರಡು ಮುನ್ನುಡಿಗಳನ್ನು ಬರೆದುಕೊಟ್ಟವನಾದ್ದರಿಂದ ಆ ವಿಷಯವನ್ನು ಕೆದಕಲಿಲ್ಲ.

ಬೆನ್ನುಡಿಯನ್ನು ಓದಿ ಮಾತನಾಡುವವರನ್ನು ಕಂಡರೆ ರಾಯರಿಗೆ ಆಗುವುದಿಲ್ಲ. ಅಂಥವರು ಅಲ್ಪಶ್ರುತರೆಂದೂ, ಅವರಿಂದಲೇ ನಾಡಿನ ವಿಮರ್ಶೆ ಹಾಳಾಯಿತೆಂದೂ ಅವರ ಮತ. ಫ್ರಾನ್ಸಿನ ಸಾಹಿತ್ಯಾಧ್ಯಾಪಕ ಪಿಯೆರ್ ಬಯಾರ್ ಎಂಬವರು, ಓದದ ಪುಸ್ತಕಗಳನ್ನು ಕುರಿತು ಮಾತನಾಡುವುದು ಹೇಗೆಂಬ ವಿಷಯವಾಗಿಯೇ 2007ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದ್ದಾರೆಂದು ನಾನು ಸೂಚ್ಯವಾಗಿ ತಿಳಿಸಿದಾಗ ಅವರು ಬಹಳ ಆಸಕ್ತಿಯಿಂದ ಕೇಳಿದ ಪ್ರಶ್ನೆ ಒಂದೇ: “ಅದಕ್ಕ ಮುನ್ನುಡಿ ಯಾರದು?”

ಪ್ರತಿ ಸಭೆಗೂ ಅವರದೊಂದು ಪೀಠಿಕೆ ಇರುತ್ತದೆ. ಪೀಠಿಕೆಯೇ ಅವರ ಪ್ರಾಣವಷ್ಟೆ. ಅದು 949ರಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ರನ್ನನ ಜನನದೊಂದಿಗೆ ಆರಂಭವಾಗಿ, ಅಂಥ ಕವಿಯ ಹೆಸರನ್ನು ಒಂದು ಸಕ್ಕರೆ ಕಾರ್ಖಾನೆಗೆ ಇಟ್ಟ ಊರು ಭೂಮಂಡಲದಲ್ಲಿ ಇನ್ನೊಂದಿಲ್ಲವೆಂದು ಹೆಮ್ಮೆಪಟ್ಟು, ಆದರೂ ಪರವೂರಿನವರು ಮುಧೋಳವೆಂದೊಡನೆ ನಾಯಿಯನ್ನೇ ಕೇಳುತ್ತಾರೆಂದು ವ್ಯಥೆಪಟ್ಟು, ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರನ್ನೂ ಬೀಳಗಿಯಲ್ಲಿ 1911ರಲ್ಲಿ ಹುಟ್ಟಿದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರನ್ನೂ ಸ್ಮರಿಸಿ, ಕಲ್ಹಳ್ಳಿಯಲ್ಲಿ ನೇಗಿಲು ಹಿಡಿದು ಬರೆದ ಸತ್ಯಕಾಮರಿಗೆ ಕೈಮುಗಿದು, 1937ರ ಜಮಖಂಡಿ ಸಾಹಿತ್ಯ ಸಮ್ಮೇಳನಕ್ಕೆ ಬಂದು ಮುಟ್ಟುವಷ್ಟರಲ್ಲಿ ಮೊದಲ ಸುತ್ತಿನ ಚಹಾ ತೀರಿರುತ್ತದೆ. ರಬಕವಿಯ ಸರದಿ ಬಂದ ದಿನ ನಡುವೆ ಸೀರೆಯ ದಡಿಯ ವರ್ಣನೆಯೂ ಸೇರುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರು ಅಧ್ಯಕ್ಷರಾಗಿದ್ದ ಆ ಸಮ್ಮೇಳನದಲ್ಲಿ ರಾಯರ ತೀರ್ಥರೂಪರು ಸ್ವಯಂಸೇವಕರಾಗಿ ಪಂಕ್ತಿಯಲ್ಲಿ ತುಪ್ಪ ಬಡಿಸಿದ್ದರಂತೆ. ಅಂದಿನ ಅಧ್ಯಕ್ಷಭಾಷಣವನ್ನು ರಾಯರು ಆದ್ಯಂತವಾಗಿ ಓದಿದ್ದಾರೆ. ಅದಕ್ಕೆ ಮುನ್ನುಡಿ ಇರಲಿಲ್ಲವೆಂಬುದು ನನ್ನ ಊಹೆ. ಮುಧೋಳದಲ್ಲಿಯೇ 1995ರಲ್ಲಿ ಎಚ್. ಎಲ್. ನಾಗೇಗೌಡರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನೆರೆದಾಗ ಅವರು ಪುಸ್ತಕದ ಮಳಿಗೆಗಳ ಮುಂದೆ ನಿಂತು ಒಂದೇ ಮಧ್ಯಾಹ್ನದಲ್ಲಿ ಒಂದು ಗ್ರಂಥಭಂಡಾರವನ್ನೇ ಓದಿ ಮುಗಿಸಿದುದನ್ನು ನಾನು ಕಣ್ಣಾರೆ ಕಂಡವನು.

ಇಂಥವರು ಎಂದಾದರೊಂದು ದಿನ ಸಿಕ್ಕಿಬೀಳಬೇಕೆಂದು ನನ್ನೊಳಗಿನ ಮಾಸ್ತರನು ಬಹುಕಾಲದಿಂದ ಕಾಯುತ್ತಿದ್ದನು. ದೈವವೇ ಆ ಸಂದರ್ಭವನ್ನು ಒದಗಿಸಿತು. ನನ್ನ ಬಳಿ ರಟ್ಟು ಕಳಚಿದ ಎರಡು ಹಳೆಯ ಪುಸ್ತಕಗಳಿದ್ದವು: ಒಂದು, ಬಾಲವಿಧವೆಯೊಬ್ಬಳನ್ನು ಕುರಿತ ಸಾಮಾಜಿಕ ಕಾದಂಬರಿ, ಇನ್ನೊಂದು, ಕಬ್ಬಿನ ಬೇಸಾಯದ ಕೈಪಿಡಿ. ಎರಡನ್ನೂ ಬೈಂಡಿಂಗಿಗೆ ಕೊಟ್ಟಿದ್ದೆನು. ಬೈಂಡರನು ಅನ್ಯಮನಸ್ಕನಾಗಿದ್ದನೋ, ಅಥವಾ ಸಾಹಿತ್ಯವೂ ಬೇಸಾಯವೂ ಒಂದೇ ಎಂಬ ಅದ್ವೈತದೃಷ್ಟಿ ಅವನಿಗಿತ್ತೋ, ಕಬ್ಬಿನ ಮುನ್ನುಡಿಯನ್ನು ಕಾದಂಬರಿಗೂ ಕಾದಂಬರಿಯ ಮುನ್ನುಡಿಯನ್ನು ಕಬ್ಬಿಗೂ ಸೇರಿಸಿ ಹೊಲಿದು, ಬೆನ್ನಿಗೆ ಗಟ್ಟಿಯಾಗಿ ಅಂಟು ಬಳಿದು ಕಳುಹಿಸಿದನು. ಅದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ. ಮುಂದಿನ ಅಮಾವಾಸ್ಯೆಯಂದು ಕಾದಂಬರಿಯನ್ನು ವಿನಯಪೂರ್ವಕವಾಗಿ ರಾಯರ ಕೈಗೆ ಕೊಟ್ಟು, ಅದರ ಬೇರೊಂದು ಪ್ರತಿಯನ್ನು ಉಳಿದವರಲ್ಲಿ ಸುತ್ತಲು ಬಿಟ್ಟೆನು.

ಅವರು ಮಾತನಾಡಿದ ದಿನ ಸಭೆ ಬನಹಟ್ಟಿಯಲ್ಲಿತ್ತು. ರಾಯರು ಕನ್ನಡಕವನ್ನು ಧೋತರದ ತುದಿಯಿಂದ ಒರೆಸಿ, ಈ ಕಾದಂಬರಿಯ ಮುನ್ನುಡಿ ಬಹು ಗಹನವಾದುದೆಂದೂ, ಹಿಂದಿನವರು ಸ್ತ್ರೀಜೀವನವನ್ನು ನೇರವಾಗಿ ಹೇಳದೆ ಸಂಕೇತದಿಂದ ಸೂಚಿಸುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡವೆಂದೂ ಆರಂಭಿಸಿದರು. ‘ಬೀಜದ ಆಯ್ಕೆ’ ಎಂಬಲ್ಲಿ ಬೀಜವೆಂದರೆ ವಂಶ. ಸಾಲಿನಿಂದ ಸಾಲಿಗೆ ಇರಬೇಕಾದ ಅಂತರವೆಂದರೆ ಅತ್ತೆ ಸೊಸೆಯರ ನಡುವಿನ ಅಂತರ. ತೀರ ಹತ್ತಿರವಾದರೆ ಗಾಳಿಯಾಡದು. ನೀರನ್ನು ಮಿತಿಮೀರಿ ಹಾಯಿಸಿದರೆ ಭೂಮಿ ಸವಳಾಗುವುದೆಂದರೇನು? ಕಣ್ಣೀರು ಅತಿಯಾದರೆ ಬಾಳು ಬಂಜರಾಗುತ್ತದೆಂದೇ ಅಲ್ಲವೆ? ಕೃಷ್ಣೆ-ಘಟಪ್ರಭೆಗಳ ನಡುವಣ ಈ ಸೀಮೆಯಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಬಿಳಿಯ ಉಪ್ಪೊಡೆದ ಹೊಲಗಳಿಲ್ಲದ ಊರು ಕಡಿಮೆ. ಸಭೆಯ ಅರ್ಧಮಂದಿ ತಂತಮ್ಮ ಹೊಲಗಳನ್ನು ನೆನೆದು ನಿಟ್ಟುಸಿರಿಟ್ಟರು. ರಾಯರು ಅದನ್ನು ರಸಾನುಭವವೆಂದೇ ಗ್ರಹಿಸಿ ಇನ್ನಷ್ಟು ಹುರುಪುಗೊಂಡರು. ಕೊನೆಗೆ ಬಂದುದು ಕೂಳೆ ಬೆಳೆ. ಒಮ್ಮೆ ಕಡಿದ ಕಬ್ಬು ಬುಡದಿಂದಲೇ ಮತ್ತೆ ಚಿಗುರುತ್ತದೆಂಬ ವಾಕ್ಯವನ್ನು ಓದಿ, ವಿಧವೆಗೂ ಎರಡನೆಯ ಬಾಳುಂಟೆಂಬುದನ್ನು ಇಷ್ಟು ಮಾರ್ಮಿಕವಾಗಿ ಯಾವ ಸುಧಾರಕನೂ ಹೇಳಿಲ್ಲವೆಂದು ಅವರು ಗದ್ಗದರಾದರು.

ನಾನು ಮನಸ್ಸಿನಲ್ಲಿಯೇ ಕೈ ತಿಕ್ಕಿಕೊಳ್ಳುತ್ತಿದ್ದೆನು. ನಮ್ಮ ಕೂಟದಲ್ಲಿ ರಬಕವಿಯ ನೇಕಾರರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಅವರು ಪುಸ್ತಕವನ್ನು ಮೊದಲ ಅಕ್ಷರದಿಂದ ಮುದ್ರಣಾಲಯದ ವಿಳಾಸದವರೆಗೆ ಓದುವ ಮನುಷ್ಯ, ಮತ್ತು ಸಭೆಯಲ್ಲಿ ಬಾಯಿ ತೆರೆಯುವುದು ಭಜಿಗೆ ಮಾತ್ರ. ಕಾದಂಬರಿಯ ಇನ್ನೊಂದು ಪ್ರತಿ ಅವರಲ್ಲಿಗೆ ಹೋಗಿತ್ತು. ಆದುದರಿಂದ ನಾನು ಅತ್ಯಂತ ಮುಗ್ಧನಂತೆ, “ಕಾಕಾರು ಓದ್ಯಾರ, ಅವರೇನಂತಾರೋ ಕೇಳೋಣ” ಎಂದೆನು. ಕಾಕಾ ಸ್ವಲ್ಪ ಹೊತ್ತು ಯೋಚಿಸಿ, “ರಾಯರು ಹೇಳಿದ್ದು ಖರೇ ಐತ್ರಿ. ಅಕಿ ಕಡೀಕ ಅಳೂದ ಬಿಟ್ಟಾಳ. ಮತ್ತ ಮದಿವೀನೂ ಆಗ್ಯಾಳ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಬೈಂಡರನ ಕೈವಾಡವನ್ನು ಆಗ ಬಯಲುಮಾಡಿದ್ದರೆ ನನ್ನನ್ನು ನಂಬುವವರು ಯಾರೂ ಇರಲಿಲ್ಲ. ಕಬ್ಬಿನ ಕೈಪಿಡಿಯನ್ನು ಇಂದಿಗೂ ನಾನು ಯಾರಿಗೂ ಕೊಟ್ಟಿಲ್ಲ. ಅದರ ಮೊದಲಲ್ಲಿರುವ ಸ್ತ್ರೀಸ್ವಾತಂತ್ರ್ಯದ ಪ್ರತಿಪಾದನೆಯನ್ನು ರಾಯರು ಗೊಬ್ಬರಕ್ಕೆ ಅನ್ವಯಿಸಿಬಿಟ್ಟಾರೆಂಬ ಭೀತಿ.

ಇಷ್ಟೆಲ್ಲ ಹೇಳಿಯಾದ ಮೇಲೆ ಒಂದನ್ನು ಹೇಳದಿದ್ದರೆ ಅನ್ಯಾಯವಾದೀತು. ಈ ಕೂಟ ನಡೆದುಬಂದುದು ರಾಯರ ಖಾದಿ ಚೀಲದಿಂದ. ಜಮಖಂಡಿಯಲ್ಲಿ ಯಾರಿಗೋ ಬೇಕಾದ ಪುಸ್ತಕ ಬೀಳಗಿಯಲ್ಲಿ ಯಾರದೋ ಅಟ್ಟದ ಮೇಲಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ತೆವಳುವ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಅದನ್ನು ಬೇಡಿ ತಂದು ಮುಟ್ಟಿಸುತ್ತಿದ್ದರು. ಹಗಲೆಲ್ಲ ಕಂಡಿಕೆ ಸುತ್ತುತ್ತಿದ್ದ ಹೆಣ್ಣುಮಕ್ಕಳು ಪುರಾಣಿಕರ ಕಾದಂಬರಿಗಳನ್ನು ಓದಿದುದು ಆ ಚೀಲದ ದಯೆಯಿಂದ. ‘ಕುಲವಧು’ 1963ರಲ್ಲಿ ಸಿನಿಮಾ ಆಗಿ ಬಂದಿತ್ತೆಂದು ಆಸೆ ಹುಟ್ಟಿಸಿ ಪುಸ್ತಕ ದಾಟಿಸುವ ಯುಕ್ತಿಯೂ ಅವರದೇ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರ ಹೊರೆಯಲ್ಲಿದ್ದುದು ಅವರದೇ ಬರೆಹ. ಇವರದು ಪರರ ಬರೆಹ, ಪರರ ಪುಸ್ತಕ, ಓದುವವರೂ ಪರರು. ಟಿಕೀಟಿನ ಹಣ ಮಾತ್ರ ಸ್ವಂತದ್ದು. ರನ್ನನಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣವನ್ನು ಬರೆಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಓಲೆಯ ಪ್ರತಿಗಳನ್ನು ಮಾಡಿಸಿ ಹಂಚಿದಳಷ್ಟೆ. ಕನ್ನಡ ಪುಸ್ತಕದ ಮೊದಲ ಮುದ್ರಣಕ್ಕೆ ಇಂದಿಗೂ ಸಾವಿರ ಪ್ರತಿಯೆಂಬುದೇ ರೂಢಿಯ ಮಾತಾಗಿರುವುದನ್ನು ನೋಡಿದರೆ, ಈ ಸಾವಿರ ವರ್ಷಗಳಲ್ಲಿ ಓದುವ ಕಣ್ಣುಗಳು ಎಷ್ಟು ಹೆಚ್ಚಿದವೋ ತಿಳಿಯದು. ಹೊತ್ತು ಮುಟ್ಟಿಸುವ ಕೈಗಳಂತೂ ಎಂದೂ ಕಡಿಮೆಯೇ.

ಈಗ ರಾಯರ ಕಣ್ಣಿಗೆ ಪೊರೆ ಬಂದಿದೆ. ಒಂದು ಕಣ್ಣಿನ ಆಪರೇಶನ್ ಆಗಿದೆ, ಇನ್ನೊಂದನ್ನು ದಸರೆಯ ತರುವಾಯವೆಂದು ಮುಂದೂಡಿದ್ದಾರೆ. ಪುಸ್ತಕಗಳನ್ನು ಅವರ ಮೊಮ್ಮಗಳು ಓದಿ ಹೇಳುತ್ತಾಳೆ. ಹೈಸ್ಕೂಲಿನಲ್ಲಿರುವ ಆ ಹುಡುಗಿಗೆ ಅಜ್ಜನ ಸಂಪ್ರದಾಯದ ಅರಿವಿಲ್ಲ. “ಅಜ್ಜಾ, ಈ ಮುನ್ನುಡಿ ಬ್ಯಾಸರ” ಎಂದು ಅಷ್ಟನ್ನೂ ಒಟ್ಟಿಗೆ ಮಗುಚಿಹಾಕಿ ನೇರವಾಗಿ ಒಂದನೆಯ ಅಧ್ಯಾಯಕ್ಕೆ ಇಳಿದುಬಿಡುತ್ತಾಳಂತೆ. ಪರಿಣಾಮವಾಗಿ, ತಮ್ಮ ಇಳಿವಯಸ್ಸಿನಲ್ಲಿ ರಾಯರು ಪುಸ್ತಕಗಳನ್ನು ಓದತೊಡಗಿದ್ದಾರೆ, ಮತ್ತು ಸಭೆಯಲ್ಲಿ ಅವರಿಗೆ ಮಾತೇ ಹೊರಡದಂತಾಗಿದೆ. ಹೋದ ಸಲ ಮುಧೋಳದಲ್ಲಿ ಅವರ ಸರದಿ ಬಂದಾಗ, “ಭಾಳ ಛಲೋ ಐತ್ರಿ” ಎಂದಷ್ಟೇ ಹೇಳಿ ಕುಳಿತುಕೊಂಡರು. ಸಭೆ ಎಷ್ಟು ಬೇಗ ಮುಗಿಯಿತೆಂದರೆ ಭಜಿಯ ಎಣ್ಣೆ ಇನ್ನೂ ಕಾದಿರಲಿಲ್ಲ. ಬೇರೆಯವರು ರನ್ನನ ಪೀಠಿಕೆಯನ್ನು ಹೇಳಲು ಯತ್ನಿಸಿದರು. ಇಸವಿಗಳೆಲ್ಲ ಸರಿಯಾಗಿದ್ದವು, ಆದರೂ ಯಾರಿಗೂ ರುಚಿಸಲಿಲ್ಲ.

ಈ ಅಮಾವಾಸ್ಯೆಗೆ ಅವರು ಬೀಳಗಿಗೆ ಬರಲಿಲ್ಲ. ಬಂದುದು ಮೊಮ್ಮಗಳ ದುಂಡಗಿನ ಅಕ್ಷರದ ಒಂದು ಚೀಟಿ: “ಮಾಸ್ತರ, ನಿಮ್ಮ ಪುಸ್ತಕ ಇನ್ನೊಂದು ಅಮಾಸಿ ನನ್ನ ಕಡೆ ಇರಲಿ. ಹುಡುಗಿಗೆ ಪರೀಕ್ಷಾ ಅದಾವ, 112ನೇ ಪುಟಕ್ಕ ನಿಲ್ಲಿಸ್ಯಾಳ. ಆ ತಮ್ಮ ಮನಿಗೆ ಹೊಳ್ಳಿ ಬರತಾನೋ ಇಲ್ಲೋ ಅಷ್ಟ ಹೇಳಿ ಕಳಸ್ರಿ, ಬ್ಯಾಡ, ಹೇಳಬ್ಯಾಡ್ರಿ.”