ಅಂಗಳದ ಪೈಲಟ್

ಊರಿಗೆ ಮೊದಲು ರೇಡಿಯೊ ತಂದವರು, ಮೊದಲು ಡಿಶ್ ಆಂಟೆನಾ ಹಾಕಿಸಿದವರು, ಮೊದಲು ಕಂಪ್ಯೂಟರ್ ತಂದು ಅದಕ್ಕೆ ಕಸೂತಿ ಬಟ್ಟೆ ಹೊದಿಸಿಟ್ಟವರು ಎಲ್ಲರೂ ಒಂದೇ ವಂಶದವರು. ಆ ವಂಶದ ಈಗಿನ ಕುಡಿ ಡ್ರೋನಣ್ಣ. ಹಳಿಯಾಳಕ್ಕೆ ಹೋಗಿ, ಜೋಯಿಡಾಕ್ಕೆ ಹೋಗಿ, ಮುಂಡಗೋಡಕ್ಕೆ ಹೋಗಿ, ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ದಾಂಡೇಲಿ ಮಗ್ಗುಲಿನ ಕೋಗಿಲಬನದಲ್ಲಿರುವವರು ಕಾಗದ ಕಾರ್ಖಾನೆಯಿಂದ ನಿವೃತ್ತರಾದವರು. ಮನೆಯ ಹಿಂದೆ ಎರಡು ಕೋಣೆಯ ಹೋಮ್‌ಸ್ಟೇ, ತಲೆಗೊಂದು ಹ್ಯಾಟು, ಕೊರಳಿಗೆ ರಿಮೋಟಿನ ಪಟ್ಟಿ. ಜೇಬಿನಲ್ಲಿ ವಿಸಿಟಿಂಗ್ ಕಾರ್ಡು, ಅದರಲ್ಲಿ ಹೆಸರಿನ ಕೆಳಗೆ ‘ಪೈಲಟ್’.

ಕಾರ್ಡಿಗೆ ಕಾನೂನಿನ ತಕರಾರೇನೂ ಇಲ್ಲ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರದ್ದು ‘ನ್ಯಾನೊ’. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಬೇಡ ಎಂಬುದನ್ನೇ ಡ್ರೋನಣ್ಣ ‘ನಮಗೆ ಸರ್ಕಾರದಿಂದ ವಿನಾಯ್ತಿ ಐತಿ’ ಎಂದು ಹೇಳಿಕೊಳ್ಳುತ್ತಾರೆ.

ಈ ಹುಚ್ಚು ಹಿಡಿದದ್ದು 2020ರ ಜನವರಿಯಲ್ಲಿ, ‘ವೈಲ್ಡ್ ಕರ್ನಾಟಕ’ ಚಿತ್ರಮಂದಿರಗಳಿಗೆ ಬಂದಾಗ. ಕಾಡಿನ ನೆತ್ತಿಯನ್ನು ಪರದೆಯ ಮೇಲೆ ಕಂಡವರಿಗೆ ತಮ್ಮ ಹೋಮ್‌ಸ್ಟೇಯ ಹೆಂಚನ್ನೂ ಮೇಲಿನಿಂದ ನೋಡಬೇಕೆನಿಸಿತು. ಆ ಚಿತ್ರ ತಯಾರಾದದ್ದು ಅರಣ್ಯ ಇಲಾಖೆಯನ್ನು ಜೊತೆಗಿಟ್ಟುಕೊಂಡು ಎಂಬುದು ಮಾತ್ರ ಇಂಟರ್ವಲ್ಲಿನ ಚಹಾದೊಂದಿಗೆ ಮರೆತುಹೋಯಿತು.

ಮೊದಲು ಬಂದದ್ದು ಟೆಲ್ಲೊ. 2018ರಲ್ಲಿ ರೈಜ್ ಎಂಬ ಕಂಪನಿ ಡಿಜೆಐ ಮತ್ತು ಇಂಟೆಲ್‌ಗಳ ತಂತ್ರಜ್ಞಾನ ಸೇರಿಸಿ ಮಾಡಿದ್ದು. ತೂಕ 80 ಗ್ರಾಂ, ಅಂದರೆ ಒಂದೂವರೆ ಕೋಳಿಮೊಟ್ಟೆ. ಬ್ಯಾಟರಿ ತುಂಬಿದ್ದರೆ 13 ನಿಮಿಷ ಹಾರಾಟ. ಕ್ಯಾಮೆರಾ 5 ಮೆಗಾಪಿಕ್ಸೆಲ್, ವಿಡಿಯೊ 720ಪಿ. ಪೆಟ್ಟಿಗೆಯಲ್ಲಿ ರಿಮೋಟ್ ಇರುವುದಿಲ್ಲ. ಫೋನಿನ ಗಾಜಿನ ಮೇಲೆ ಎರಡು ಹೆಬ್ಬೆರಳು ಆಡಿಸಬೇಕು. ಡ್ರೋನಣ್ಣನ ಹೆಬ್ಬೆರಳೋ, ವಾಟ್ಸ್ಯಾಪಿನಲ್ಲಿ ‘ಶುಭೋದಯ’ ಮುಂದಕ್ಕೆ ಕಳಿಸುವುದಕ್ಕೆ ಮಾತ್ರ ಪಳಗಿತ್ತು.

ಟೆಲ್ಲೊಗೆ ಜಿಪಿಎಸ್ ಇಲ್ಲ. ಹೊಟ್ಟೆಯಲ್ಲೊಂದು ಪುಟ್ಟ ಕ್ಯಾಮೆರಾ. ಅದು ನೆಲವನ್ನು ನೋಡುತ್ತ, ಕಂಡ ಗುರುತುಗಳನ್ನು ನೆನಪಿಟ್ಟು, ಇದ್ದಲ್ಲೇ ನಿಲ್ಲುತ್ತದೆ. ನೆಲ ಒಂದೇ ಬಣ್ಣದ್ದಾದರೆ, ನೀರಾದರೆ, ಮಬ್ಬುಗತ್ತಲಾದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಸೆಗಣಿಯಿಂದ ನುಣ್ಣಗೆ ಸಾರಿಸಿದ ಅಂಗಳದ ಮೇಲೆ ಅದು ತೇಲಿ ತೇಲಿ ತುಳಸಿಕಟ್ಟೆಗೆ ಪ್ರದಕ್ಷಿಣೆ ಹಾಕುತ್ತಿತ್ತು. ಅದೇ ಮನೆಯಾಕೆಯ ರಂಗೋಲಿಯ ಮೇಲೆ ಬಂದರೆ ಮೊಳೆ ಹೊಡೆದಂತೆ ನಿಲ್ಲುತ್ತಿತ್ತು. ವಿಜ್ಞಾನ ತಿಳಿದ ಮೇಲೆ ಡ್ರೋನಣ್ಣನ ಬೇಡಿಕೆ ಬೆಳೆಯಿತು: ‘ನಾಳೆ ಸ್ವಲ್ಪ ದೊಡ್ಡದು ಹಾಕು, ಚುಕ್ಕಿ ಹೆಚ್ಚಿರಲಿ.’ ಮೂವತ್ತು ವರ್ಷ ತುಳಿದುಕೊಂಡೇ ಓಡಾಡಿದವರಿಗೆ ಈಗ ರಂಗೋಲಿ ಕಣ್ಣಿಗೆ ಬಿತ್ತಲ್ಲ ಎಂದು ಆಕೆ ಮೂರು ದಿನ ದೊಡ್ಡದೇ ಹಾಕಿದರು. ನಾಲ್ಕನೆಯ ದಿನ ರಂಗೋಲಿ ಡಬ್ಬಿಯನ್ನೇ ಪೈಲಟ್ಟರ ಕೈಗೆ ಕೊಟ್ಟರು.

ಕಲಿಯುವವರ ನಿಜವಾದ ಗಂಡಾಂತರ ಎಡಬಲದ್ದು. ಡ್ರೋನ್ ಬೆನ್ನು ತೋರಿಸಿ ಹೋಗುವಾಗ ನಮ್ಮ ಎಡವೇ ಅದರ ಎಡ; ಮುಖ ತಿರುಗಿಸಿ ಬರುವಾಗ ನಮ್ಮ ಎಡ ಅದರ ಬಲ. ಡ್ರೋನಣ್ಣ ಹೋಗುವಾಗ ಅಪ್ಪಟ ಪೈಲಟ್, ಬರುವಾಗ ಪೇರಲ ಗಿಡಕ್ಕೆ ಡಿಕ್ಕಿ. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗ ಒಮ್ಮೆ ಫೋನ್ ಇಸಿದುಕೊಂಡು ಬಟ್ಟೆ ಹಗ್ಗದ ಕೆಳಗೆ ತೂರಿಸಿ, ಪಲ್ಟಿ ಹೊಡೆಸಿ, ಅವರದೇ ಅಂಗೈ ಮೇಲೆ ಇಳಿಸಿಕೊಟ್ಟ. ‘ಗಾಳಿ ಇವತ್ತು ಕಡಿಮಿ ಐತಿ’ ಎಂದರು ಡ್ರೋನಣ್ಣ.

ಆದರೂ ಟೆಲ್ಲೊ ಎಷ್ಟು ಬಿದ್ದರೂ ಏಳುತ್ತಿತ್ತು. ರೆಕ್ಕೆಗೆ ಕಾಪು ಪೆಟ್ಟಿಗೆಯಲ್ಲೇ ಬರುತ್ತದೆ. ಬೀಳುವ ಎತ್ತರವೂ ಹೆಚ್ಚಲ್ಲ, ಬೀಳುವ ಭಾರವೂ ಹೆಚ್ಚಲ್ಲ. ದೋಷವಿದ್ದದ್ದು ಚಿತ್ರದಲ್ಲಿ. ಅದಕ್ಕೆ ಮೆಮರಿ ಕಾರ್ಡ್ ಇಲ್ಲ. ವಿಡಿಯೊ ವೈಫೈ ಮೂಲಕ ಫೋನಿಗೇ ಬಂದು ಕೂರಬೇಕು. ಸಿಗ್ನಲ್ ತೊದಲಿದರೆ ವಿಡಿಯೊ ತೊದಲುತ್ತದೆ. ಮೊದಲ ಏರಿಯಲ್ ಶೂಟಿನಲ್ಲಿ ಸ್ಪಷ್ಟವಾಗಿ ಮೂಡಿದ್ದು ಡ್ರೋನಣ್ಣನ ಬೋಳುತಲೆ ಮಾತ್ರ. ಹ್ಯಾಟು ಬಂದದ್ದು ಆಮೇಲೆ.

ಎರಡನೆಯದು ಮ್ಯಾವಿಕ್ ಮಿನಿ, 2019ರ ಅಕ್ಟೋಬರ್ ಕೊನೆಯಲ್ಲಿ ಡಿಜೆಐ ಬಿಡುಗಡೆ ಮಾಡಿದ್ದು. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದು ನಿಲ್ಲಿಸಿದ್ದರಿಂದ ಹೊಸದು ಸಿಗಲಿಲ್ಲ. ಹುಬ್ಬಳ್ಳಿಯ ಮದುವೆ ಫೋಟೊಗ್ರಾಫರರೊಬ್ಬರ ಹಳೆಯದು ಸಿಕ್ಕಿತು. ತೂಕ 249 ಗ್ರಾಂ. ಎಷ್ಟೋ ದೇಶಗಳ ಕಾನೂನಿನ ಗೆರೆ 250ಕ್ಕಿರುವುದರಿಂದ ಒಂದು ಗ್ರಾಂ ಬಿಟ್ಟುಕೊಟ್ಟ ಲೆಕ್ಕ. ಕಾಗದದ ಮೇಲೆ 30 ನಿಮಿಷ ಹಾರಾಟ, 12 ಮೆಗಾಪಿಕ್ಸೆಲ್, 2.7ಕೆ ವಿಡಿಯೊ. ಮೂರು ಅಕ್ಷದ ಗಿಂಬಲ್ ಇರುವುದರಿಂದ ಡ್ರೋನ್ ಗಾಳಿಗೆ ತೂರಾಡಿದರೂ ಚಿತ್ರ ಅಲುಗುವುದಿಲ್ಲ. ಸೂಕ್ಷ್ಮ ವಸ್ತುವಾದ್ದರಿಂದ ಗಿಂಬಲ್ಲಿಗೊಂದು ಪ್ಲಾಸ್ಟಿಕ್ ಮುಚ್ಚಳ. ಅದನ್ನು ತೆಗೆಯದೆಯೇ ಚಾಲೂ ಮಾಡಿ, ‘ಇದ್ಯಾಕೋ ಒದ್ದಾಡ್ತದಲ್ಲ’ ಎನ್ನುವುದು ಎಲ್ಲ ಡ್ರೋನಣ್ಣಂದಿರಿಗೂ ವಿಧಿಸಿದ ಸಂಸ್ಕಾರ.

ಮಿನಿಗೆ ಜಿಪಿಎಸ್ ಇದೆ. ಕಡ್ಡಿಯಿಂದ ಬೆರಳು ತೆಗೆದರೆ ಆಕಾಶದಲ್ಲೇ ನಿಂತು ಅಪ್ಪಣೆಗೆ ಕಾಯುತ್ತದೆ. ಸಿಗ್ನಲ್ ಕಡಿದರೆ ಹೊರಟ ಜಾಗಕ್ಕೆ ತಾನೇ ವಾಪಸು. ಡ್ರೋನಣ್ಣನ ವರ್ತನೆ ಬದಲಾದದ್ದು ಇಲ್ಲಿಂದ. ಟೆಲ್ಲೊ ಹಾರಿಸುವಾಗ ಮೈಯೆಲ್ಲ ಬೆವರು, ಬಾಯಲ್ಲಿ ಮಾತಿಲ್ಲ. ಮಿನಿ ಹಾರಿಸುವಾಗ ಒಂದು ಕೈಯಲ್ಲಿ ಚಹಾ, ಬಾಯಲ್ಲಿ ‘ಆಲ್ಟಿಟ್ಯೂಡ್’, ‘ಟೆಲಿಮೆಟ್ರಿ’.

ಮಿನಿಗೆ ಕೆಳಗೆ ಮಾತ್ರ ಕಣ್ಣು, ಎದುರಿನ ಸಾಗವಾನಿ ಕಾಣುವುದಿಲ್ಲ ಎಂಬುದು ಅವರ ಭಾಷಣದಲ್ಲಿ ಬರುವುದಿಲ್ಲ. ಮನೆಗೆ ಮರಳುವ ಎತ್ತರವನ್ನು ಮರಗಳಿಗಿಂತ ಮೇಲಿಟ್ಟಿರಬೇಕು. ಇಡದಿದ್ದರೆ ಅದು ನಂಬಿಕೆಯಿಂದ ನೇರವಾಗಿ ಬಂದು ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಕಾಳಿ ನದಿಯಲ್ಲಿ ತೆಪ್ಪದ ಮೇಲಿನಿಂದ ಹಾರಿಸಿ ಪ್ರವಾಸಿಗರ ವಿಡಿಯೊ ಮಾಡುವ ಯೋಜನೆ ಹಾಕಿದರು. ತೆಪ್ಪದವ ಕೇಳಿದ: ‘ಸಾಹೇಬ್ರ, ಇದು ಹೊಳ್ಳಿ ಎಲ್ಲಿಗಿ ಬರ್ತದ?’ ಹೊರಟ ಜಾಗಕ್ಕೆ, ಎಂದರು. ‘ಅಷ್ಟೊತ್ತಿಗೆ ತೆಪ್ಪ ಅಲ್ಲಿ ಇರೂದಿಲ್ಲಲ್ರಿ. ಬರೇ ನೀರಿರ್ತದ.’ ಪೈಲಟ್ಟರು ಆ ದಿನ ದಡದಲ್ಲೇ ಉಳಿದರು.

ದಡದಲ್ಲೂ ನೆಮ್ಮದಿಯಿಲ್ಲ. ಹದ್ದು, ಗರುಡಗಳು ಡ್ರೋನನ್ನು ತಮ್ಮ ಗಡಿಯೊಳಗೆ ನುಗ್ಗಿದ ಪರಹಕ್ಕಿ ಎಂದುಕೊಂಡು ಎರಗುತ್ತವೆ. ಇನ್ನು ಜನ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸುಣ್ಣದಲ್ಲಿ ಗೆರೆ ಎಳೆದು, ಡ್ರೋನ್ ಹಾರಿಸಿ, ಹಳ್ಳಿಯ ಮನೆ ಜಾಗ ಅಳೆಯುವ ಕೆಲಸ. ಹಾಗಾಗಿ ಮೇಲೆ ಗುಂಯ್ ಎಂದರೆ ಕೆಳಗೆ ಯಾರೋ ಸುಣ್ಣದ ಬಕೆಟ್ಟು ಹಿಡಿದು ಓಡಿಬರುತ್ತಾರೆ: ‘ಅಣ್ಣಾರ, ನಮ್ಮ ಹಿತ್ತಲ ಕಡೆ ಎರಡು ಫೂಟು ಹೆಚ್ಚಿಗಿ ಹಿಡೀರಿ, ಚಹಾ ಕುಡದು ಹೋಗೀರಂತ.’ ಹುಡುಗರು ಮಾತ್ರ ಅಳತೆಯ ಗೋಜಿಗೆ ಹೋಗದೆ ದೂರದಿಂದಲೇ ‘ಡ್ರೋನ್ ಪ್ರತಾಪ್!’ ಎಂದು ಕೂಗುತ್ತಾರೆ.

ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ಡ್ರೋನಣ್ಣನ ಫೋನಿನಲ್ಲೇ ಇದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಕಿಲ್ಲ; ಕಾಳಿಯ ಕೆಳಹರಿವಿನ ಕೈಗಾ ಅಣುಸ್ಥಾವರ, ಕಾರವಾರದ ಕದಂಬ ನೌಕಾನೆಲೆಗಳಂಥ ಕಡೆ ತಲೆ ಹಾಕುವಂತಿಲ್ಲ. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಅಣಶಿ ಕಡೆಗೆ ಹೊರಟವರನ್ನು ಫಾರೆಸ್ಟ್ ಗಾರ್ಡ್ ತಡೆದಾಗ ‘ನಕ್ಷೆ ಹಸಿರು ತೋರಸ್ತದಲ್ರಿ’ ಎಂದು ವಾದಿಸಿದರು. ನಕ್ಷೆಯ ಹಸಿರು ವಿಮಾನಯಾನದ್ದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹಸಿರಿಗೆ ಅರಣ್ಯ ಇಲಾಖೆಯ ಅನುಮತಿಯೇ ಬೇಕು. ಗಾರ್ಡ್ ಕಾನೂನು ಹೇಳಲಿಲ್ಲ, ಮಂಗಟ್ಟೆ ಹಕ್ಕಿಯ ಸಂಸಾರ ಹೇಳಿದ: ‘ಹೆಣ್ಣು ಮರದ ಪೊಟರಿಯೊಳಗ ಬಾಗಿಲಾ ಮುಚ್ಕೊಂಡು ಕುಂತಿರ್ತದ. ಗಂಡು ಹಣ್ಣು ತಂದು ಕೊಟ್ರ ಉಂಟು. ನಿಮ್ಮ ಗುಂಗಿ ಹುಳಾ ನೋಡಿ ಅದು ಅಂಜಿ ಹೋದ್ರ, ಒಳಗಿನವ್ರಿಗಿ ನೀವು ಊಟಾ ಕೊಡ್ತೀರೇನು?’ ಡ್ರೋನಣ್ಣ ಪೆಟ್ಟಿಗೆ ಮುಚ್ಚಿದರು.

ಹೋಮ್‌ಸ್ಟೇಗೆ ಬಂದವರು ಎರಡರಲ್ಲಿ ಯಾವುದು ಒಳ್ಳೆಯದೆಂದು ಕೇಳಿದರೆ ಅವರು ಬೆಲೆ, ರೇಂಜು, ಗಿಂಬಲ್ ಲೆಕ್ಕ ಹಾಕಿ ಮಿನಿಗೇ ಅಂಕ ಕೊಡುತ್ತಾರೆ. ಅವರ ಹೆಬ್ಬೆರಳನ್ನು ಕೇಳಿದರೆ ಉತ್ತರ ಬೇರೆ. ಈಗ ಪೇರಲ ಗಿಡಕ್ಕೆ ಡಿಕ್ಕಿಯಾಗದಿರುವುದು ಟೆಲ್ಲೊ ಕಲಿಸಿದ ಎಡಬಲದಿಂದ. ಜಿಪಿಎಸ್ ಕೈಕೊಟ್ಟ ಹೊತ್ತಿನಲ್ಲಿ ಮಿನಿ ಮನೆಗೆ ಬಂದದ್ದೂ ಅದರಿಂದಲೇ. ಆದ್ದರಿಂದ ಹೊಸಬರು ಮೊದಲು ನೂರು ಗ್ರಾಂ ಒಳಗಿನ, ಜಿಪಿಎಸ್ ಇಲ್ಲದ ಡ್ರೋನೊಂದನ್ನು ಅಂಗಳದಲ್ಲೇ ಹಾರಿಸಿ, ಅದು ಮುಖ ಮಾಡಿ ಬರುವಾಗಲೂ ಎಡಬಲ ತಪ್ಪದಷ್ಟು ಕೈ ಕುದುರಿದ ಮೇಲೆ ಮಿನಿಯಂಥದ್ದನ್ನು ಕೊಳ್ಳಿ. ದಾಂಡೇಲಿಗೆ ಬರುವಾಗ ಅದನ್ನು ಮನೆಯಲ್ಲೇ ಬಿಟ್ಟು ಬೈನಾಕ್ಯುಲರ್ ತನ್ನಿ; ಮಂಗಟ್ಟೆ ನೋಡುವುದಕ್ಕೆ ಯಾವ ಬ್ಯಾಟರಿಯೂ ಬೇಕಿಲ್ಲ.