ತಾಳ ಹಿಡಿದವರು

ಕೆಟ್ಟದಾಗಿ ನುಡಿಸಿದರೆ ಎಲ್ಲಕ್ಕಿಂತ ಹೆಚ್ಚು ಕಿವಿ ಕೊರೆಯುವ ವಾದ್ಯ ಯಾವುದು ಎಂದು ಕುಂದಾಪುರದ ಕಡೆ ಕೇಳಿದರೆ ಹೆಚ್ಚಿನವರು ಚಂಡೆ ಎನ್ನುತ್ತಾರೆ. ಕೆಲವರು ಮದುವೆ ಮಂಟಪದ ಸ್ಯಾಕ್ಸೋಫೋನ್ ಎಂದಾರು. ಪೇಟೆಯಲ್ಲಿ ಓದಿ ಬಂದವರು ಪಿಟೀಲು ಎಂದಾರು. ಮೂರೂ ತಪ್ಪು ಎಂಬುದು ನನ್ನ ವಾದ. ಆ ಪಟ್ಟ ಸಲ್ಲಬೇಕಾದದ್ದು ಅಂಗೈಯಲ್ಲಿ ಅಡಗುವ ಒಂದು ಜೋಡಿ ಕಂಚಿನ ತಾಳಕ್ಕೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಭಜನಾ ಮಂದಿರದ ಮುಂದಿನ ಸಾಲಿನಲ್ಲಿ ಅದನ್ನು ಹಿಡಿದು ಕೂತ ಆ ಒಬ್ಬರ ಕೈಯಲ್ಲಿರುವ ತಾಳಕ್ಕೆ. ಶಿರೂರಿನಿಂದ ಬ್ರಹ್ಮಾವರದವರೆಗೆ ಅವರಿಲ್ಲದ ಮಂಡಳಿ ಸಿಗುವುದು ಕಷ್ಟ. ಪಂಚೆ ಮೊಣಕಾಲಿನವರೆಗೆ ಸರಿದಿರುತ್ತದೆ, ತಾಳದ ದಾರ ತೋರುಬೆರಳಿಗೆ ಎರಡು ಸುತ್ತು ಬಿಗಿದಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಕಣ್ಣು ಮುಚ್ಚಿರುವುದು ಮುಖ್ಯ, ಏಕೆಂದರೆ ತಬಲಾದವರು ಎಷ್ಟೇ ಕೆಕ್ಕರಿಸಿದರೂ ಅದು ಅವರಿಗೆ ಕಾಣುವುದಿಲ್ಲ.

ಚಂಡೆಯ ಪಕ್ಷದವರಿಗೆ ಮೊದಲು ಉತ್ತರಿಸಬೇಕು. ಚಂಡೆಯ ಸದ್ದು ದೊಡ್ಡದು, ಒಪ್ಪಿದೆ. ಆದರೆ ಗುರುವಿಲ್ಲದೆ ಯಾರೂ ಚಂಡೆಯ ಕೋಲು ಹಿಡಿಯುವುದಿಲ್ಲ, ಹಿಡಿದರೂ ರಂಗಸ್ಥಳಕ್ಕೆ ಯಾರೂ ಹತ್ತಿಸುವುದಿಲ್ಲ. ಬಡಗುತಿಟ್ಟಿನಲ್ಲಿ ಅದು ರಾತ್ರಿಯಿಡೀ ಮೊಳಗುವ ವಾದ್ಯವೂ ಅಲ್ಲ. ಶೃಂಗಾರ, ಕರುಣದ ಪದಗಳಿಗೆ ಮದ್ದಳೆಯೇ ಸಾಕು, ಒಡ್ಡೋಲಗಕ್ಕೂ ಯುದ್ಧಕ್ಕೂ ಚಂಡೆ ಏಳುತ್ತದೆ. ಪಿಟೀಲಿನಲ್ಲಿ ಮೆಟ್ಟಿಲುಗಳಿಲ್ಲ, ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಸ್ವರ, ನಿಜ. ಆದರೆ ತಂತಿಗೆ ಎಲ್ಲರಿಗಿಂತ ಹತ್ತಿರ ಇರುವುದು ನುಡಿಸುವವನದೇ ಕಿವಿ. ನ್ಯಾಯ ಅಲ್ಲೇ ತೀರ್ಮಾನವಾಗುತ್ತದೆ. ಸ್ಯಾಕ್ಸೋಫೋನಿಗೆ ಪ್ಯಾರಿಸ್‌ನಲ್ಲಿ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದಾಗ ಅದು ಮುಂದೆ ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ನಾಗಸ್ವರದ ಜಾಗದಲ್ಲಿ ಕೂರುತ್ತದೆಂದು ಅಂದುಕೊಂಡಿರಲಾರ. ಕದ್ರಿ ಗೋಪಾಲನಾಥರು ಗಮಕ ಹೊರಡಿಸಲು ಆ ವಾದ್ಯವನ್ನೇ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ದುಡಿದು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅಷ್ಟು ದುಡಿಯದವರ ಕೈಯಲ್ಲಿ ಅದು ಕಿರುಚುತ್ತದೆ. ಹಾಗೆ ಕಿರುಚಿದರೆ ಎಲ್ಲೋ ತಪ್ಪಾಗಿದೆ ಎಂದು ಗದ್ದೆಯಲ್ಲಿ ನಿಂತ ಎಮ್ಮೆಗೂ ಗೊತ್ತಾಗುತ್ತದೆ. ಇನ್ನು ಹಾರ್ಮೋನಿಯಂ. ಗಮಕ ಹೊರಡದ ಮನೆಗಳಿವೆ ಎಂಬ ಆಕ್ಷೇಪದ ಮೇಲೆ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆದರೂ ಅದರಲ್ಲಿ ಸ್ವರಗಳು ಮೊದಲೇ ಸಿದ್ಧವಾಗಿ ಕೂತಿರುವುದರಿಂದ ಕಲಿಯದವನು ಮಾಡಬಹುದಾದ ಅನಾಹುತಕ್ಕೂ ಒಂದು ಮಿತಿ ಇದೆ.

ತಾಳಕ್ಕೆ ಇಂಥ ಯಾವ ತಡೆಯೂ ಇಲ್ಲ. ಕೊಳ್ಳುವುದು ಅಗ್ಗ, ಹಿಡಿಯುವುದು ಸುಲಭ. ಎರಡು ಕಂಚಿನ ಬಟ್ಟಲು ತಾಗಿದರೆ ಸದ್ದು ಬಂದೇ ಬರುತ್ತದೆ, ಆ ಒಂದು ಸದ್ದನ್ನಷ್ಟೇ ಕೇಳಿದರೆ ಚೆನ್ನಾಗಿಯೇ ಇರುತ್ತದೆ. ತಪ್ಪು ಇರುವುದು ಸದ್ದಿನಲ್ಲಲ್ಲ, ಅದು ಬಿದ್ದ ಗಳಿಗೆಯಲ್ಲಿ. ಹಾಗಾಗಿ ಹೊಡೆದವರಿಗೆ ತಪ್ಪಿದ್ದು ತಿಳಿಯುವುದೇ ಇಲ್ಲ. ಉಳಿದವರೆಲ್ಲ ತಡವಾದರು ಎಂದಷ್ಟೇ ತಿಳಿಯುತ್ತದೆ. 'ಹೇಂಗಾಯ್ತ್?' ಎಂದು ಕೇಳಿ ನೋಡಿ. 'ನಾ ಸಮಾ ಇದ್ದೆ ಮರ್ರೆ, ತಬ್ಲದವ್ರೇ ಹಿಂದ್ ಬಿದ್ರ್' ಎಂಬ ಉತ್ತರ ತಯಾರಿರುತ್ತದೆ. ಇದರ ಮೇಲೆ ಮೈಕು ಬೇರೆ. ಮಂದಿರದ ಮಾಡಿಗೆ ಕಟ್ಟಿದ ಹಾರ್ನ್ ತಬಲಾದ ಎಡದ ಗುಮುಕನ್ನು ನುಂಗಿಹಾಕಿ ಮೇಲಿನ ಸ್ವರಗಳನ್ನು ಮಾತ್ರ ಹೊರಗೆ ಉಗುಳುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಎರಡರಿಂದ ಐದು ಸಾವಿರ ಹರ್ಟ್ಝ್ ನಡುವೆ. ಕಂಚು ಮಿಂಚುವುದೂ ಹೆಚ್ಚುಕಡಿಮೆ ಆ ನೆರೆಯಲ್ಲೇ. ಆದ್ದರಿಂದ ಎರಡು ಗದ್ದೆ ಆಚೆಯ ಮನೆಗೆ ದಾಸರ ಪದ ತಲುಪುವುದಿಲ್ಲ, ಹಾಡಿದ ಮಗುವಿನ ದನಿಯೂ ತಲುಪುವುದಿಲ್ಲ, ನಮ್ಮ ತಾಳದವರು ಮಾತ್ರ ಇಡಿಯಾಗಿ ತಲುಪುತ್ತಾರೆ.

ಈ ಪುಟ್ಟ ವಾದ್ಯಕ್ಕೆ ಎಷ್ಟು ಅಧಿಕಾರವಿದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಯಕ್ಷಗಾನ ನೋಡಬೇಕು. ಮಂದಾರ್ತಿಯ ಹರಕೆ ಆಟವಿರಲಿ, ಸಾಲಿಗ್ರಾಮದ್ದೋ ಪೆರ್ಡೂರಿನದ್ದೋ ಡೇರೆ ಮೇಳವಿರಲಿ, ಹಿಮ್ಮೇಳದಲ್ಲಿ ಚಂಡೆ ಒಬ್ಬರಿಗೆ, ಮದ್ದಳೆ ಇನ್ನೊಬ್ಬರಿಗೆ. ತಾಳ ಮಾತ್ರ ಭಾಗವತರ ಕೈಯಲ್ಲೇ. ಮೊದಲನೇ ವೇಷಧಾರಿ ಎಂದು ಅವರನ್ನು ಕರೆಯುವುದು ಸುಮ್ಮನೆ ಅಲ್ಲ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಎಂದು ಕೈಯಲ್ಲಿ ಎಣಿಸಿ ಎಣಿಸಿ ಗಟ್ಟಿಯಾದ ಮೇಲೆ ಸಿಗುವ ವಸ್ತು ಅದು. ಆಟದಲ್ಲಿ ಅತಿ ಅನುಭವಿಗೆ ಕೊಡುವುದನ್ನು ಭಜನೆಯಲ್ಲಿ ಮೊದಲು ಬಂದು ಕೂತವರಿಗೆ ಕೊಡುತ್ತಾರೆ. ಸೋಜಿಗವೆಂದರೆ ಇದೇ ತಾಳದವರು ಆಟ ನೋಡಲು ಹೋದಾಗ ಬಲು ಸೂಕ್ಷ್ಮ ಕಿವಿಯವರು. ಎರಡನೇ ಪ್ರಸಂಗದ ನಡುವೆ ಭಾಗವತರ ತಾಳ ಅರ್ಧ ಅಕ್ಷರ ಜಾರಿದ್ದು ಅವರಿಗೆ ಗೊತ್ತಾಗುತ್ತದೆ, ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಚಾ ಕುಡಿಯುತ್ತ ಅದನ್ನು ನಾಲ್ಕು ಜನಕ್ಕೆ ಹೇಳುತ್ತಾರೆ, ಕಾಳಿಂಗ ನಾವಡರ ಕಾಲ ಹೀಗಿರಲಿಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಅವರಿಗೆ ಲಯದ ತಿಳಿವಳಿಕೆ ಇಲ್ಲ ಎನ್ನುವಂತಿಲ್ಲ; ಅದು ತಮ್ಮ ಮೊಣಕೈವರೆಗೆ ಬಂದು ನಿಲ್ಲುತ್ತದೆ, ಅಷ್ಟೆ.

ಇಲ್ಲೊಂದು ಗಟ್ಟಿ ಆಕ್ಷೇಪ ಬರುತ್ತದೆ: ಭಜನೆ ಕಛೇರಿಯಲ್ಲ, ಭಕ್ತಿ ಮುಖ್ಯ, ದೇವರು ತಾಳ ಎಣಿಸುತ್ತ ಕೂತಿರುವುದಿಲ್ಲ. ದೇವರ ವಿಷಯ ಇರಲಿ. ಆದರೆ ಹಾಡುವವರು ಮನುಷ್ಯರು, ಅವರಿಗೆ ಉಸಿರು ಬೇಕು. ತಾಳದವರ ಕೈಗೆ ಇರುವುದು ಒಂದೇ ದಿಕ್ಕು, ಮುಂದಕ್ಕೆ. ಗಣಪತಿಯ ಪದ ಸಾವಧಾನವಾಗಿ ಹೊರಟರೂ ಎರಡನೇ ಚರಣಕ್ಕೆ ನಡಿಗೆ ಓಟವಾಗುತ್ತದೆ, ಮಂಗಳದ ಹೊತ್ತಿಗೆ ಶಾಲೆಯ ಹುಡುಗಿ 'ವಿಠಲ'ದ ಕೊನೆಯ ಅಕ್ಷರವನ್ನು ಮುಂದಿನ ಸಾಲಿಗೆ ಸಾಲ ಕೊಟ್ಟು ಹಾಡುತ್ತಿರುತ್ತಾಳೆ. ತಬಲಾದವರು ಮೊದಲು ಎಳೆದು ಹಿಡಿಯಲು ನೋಡುತ್ತಾರೆ, ಆಮೇಲೆ ಜೊತೆಗೇ ಓಡುತ್ತಾರೆ, ಎರಡೂ ಆಗದಿದ್ದಾಗ ಸುತ್ತಿಗೆ ತೆಗೆದು, ಬಿಗಿಯಾಗಿಯೇ ಇರುವ ಬಲದ ಗಟ್ಟಗಳನ್ನು ಒಂದೊಂದಾಗಿ ತಟ್ಟುತ್ತ ಪದ ಮುಗಿಯುವವರೆಗೆ ಕಾಲ ಕಳೆಯುತ್ತಾರೆ. ಇಷ್ಟು ಸಭ್ಯವಾದ ಪ್ರತಿಭಟನೆಯನ್ನು ಬೇರೆಲ್ಲೂ ಕಾಣಲಾರೆವು. ತಾಳವೇ ಕೆಟ್ಟದ್ದು ಎಂಬ ವಾದವೂ ನಿಲ್ಲುವುದಿಲ್ಲ. ಈಗ ಊರೂರಿಗೆ ಬಂದಿರುವ ಕುಣಿತ ಭಜನೆಯಲ್ಲಿ ಹತ್ತಾರು ಮಕ್ಕಳು ವೃತ್ತ ಕಟ್ಟಿ ಏಕಕಾಲಕ್ಕೆ ತಾಳ ಹೊಡೆದರೂ ಕಿವಿಗೆ ಇಂಪೇ. ಅವರಿಗೆ ಹೇಳಿಕೊಟ್ಟವರಿದ್ದಾರೆ, ತಪ್ಪಿದರೆ ಗದರುವವರೂ ಇದ್ದಾರೆ. ನಮ್ಮವರು ಆ ವೃತ್ತದ ಹೊರಗೆ ನಿಂತು ತಮ್ಮದೊಂದು ಜೋಡಿ ಸೇರಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಹಾಗಾದರೆ ಯಾರೂ ಯಾಕೆ ಹೇಳುವುದಿಲ್ಲ? ಏಕೆಂದರೆ ಮಂದಿರದ ಬೀಗದ ಕೈ ಇರುವುದು ಅವರ ಬಳಿ. ಜಮಖಾನ ಹಾಸುವವರು ಅವರು, ಮಾವಿನ ತೋರಣ ಕಟ್ಟಲು ಏಣಿ ಹತ್ತುವವರು ಅವರು, ಪಂಚಕಜ್ಜಾಯಕ್ಕೆ ಬೆಲ್ಲ ಕಡಿಮೆಯಾದರೆ ಮನೆಯಿಂದ ತರುವವರೂ ಅವರೇ. ಮಳೆ ಸುರಿಯುವ ಶನಿವಾರ ಹಾಡುವವರು ಬಾರದಿದ್ದರೂ ಅವರು ಬಂದಿರುತ್ತಾರೆ. ಇನ್ನೊಂದು ಬಗೆಯವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲು ನಡೆಸಿ, ವರ್ಷಕ್ಕೊಮ್ಮೆ ಕೊಡಿ ಹಬ್ಬಕ್ಕೆ ಊರಿಗೆ ಬರುವವರು. ತಾಳದ ಸೆಟ್ಟನ್ನು ದಾನ ಕೊಟ್ಟವರೇ ಅವರು, ಮದುವೆಗೆ ಮುಯ್ಯಿ ಕೊಟ್ಟ ಸ್ಟೀಲ್ ಪಾತ್ರೆಯ ಹಾಗೆ ಅದರ ಮೇಲೆ ಹೆಸರೂ ಕೆತ್ತಿಸಿದ್ದಾರೆ. ಹೆಸರಿದ್ದವರ ಕೈಯಿಂದ ಅದನ್ನು ಇಸಿದುಕೊಳ್ಳುವ ಧೈರ್ಯ ಯಾವ ಅಧ್ಯಕ್ಷರಿಗಿದೆ?

ನನ್ನ ಅನುಮಾನ ಬೇರೆಯೇ ಇದೆ: ಅವರನ್ನು ಈ ಸ್ಥಿತಿಗೆ ತಂದದ್ದು ವಿದ್ಯುತ್ತು. ಹಿಂದೆ ಯಕ್ಷಗಾನದ ಹಿಮ್ಮೇಳದಲ್ಲಿ ಶ್ರುತಿಗೆ ಸೋರೆಬುರುಡೆಯ ಪುಂಗಿ ಊದುತ್ತಿದ್ದರು, ಆಮೇಲೆ ಹಾರ್ಮೋನಿಯಂ ಬಂತು, ಈಗ ಗುಂಡಿ ಒತ್ತಿದರೆ ಶ್ರುತಿ ಪೆಟ್ಟಿಗೆ ತಾನೇ ಹಾಡುತ್ತದೆ. ಭಜನೆಯಲ್ಲೂ ಅಷ್ಟೆ. ವಿದ್ಯೆ ಕಮ್ಮಿ, ಉತ್ಸಾಹ ಜಾಸ್ತಿ ಇದ್ದವರಿಗೆ ತಿದಿ ಒತ್ತುತ್ತ ಒಂದೇ ಸ್ವರ ಹಿಡಿದು ರಾತ್ರಿ ಕಳೆಯುವ ಗೌರವದ ಕೆಲಸವೊಂದಿತ್ತು. ಆ ಕೆಲಸ ಹೋಯಿತು, ಉತ್ಸಾಹ ಹೋಗಲಿಲ್ಲ. ಈಗ ಮೊಬೈಲಿನಲ್ಲಿ ತಾಳ ಹಾಕುವ ಆಪ್ ಕೂಡ ಬಂದಿದೆ. ಸೆಕೆಂಡಿನ ಸಣ್ಣ ಪಾಲೂ ತಪ್ಪದೆ ಗಂಟೆಗಟ್ಟಲೆ ಹೊಡೆಯುತ್ತದೆ. ಮಂಡಳಿಯ ಹುಡುಗರು ಅದನ್ನು ಹಾಕಿ ಇವರ ಪಕ್ಕದಲ್ಲಿಟ್ಟರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಎರಡು ಪದ ಕಣ್ಣು ಮುಚ್ಚಿ ಹೊಡೆದು, ಅದೂ ಸ್ವಲ್ಪ ಎಳೆಯುತ್ತದೆ ಎಂದು ವಾಪಸು ಕೊಡುತ್ತಾರೆ.