ನರಗುಂದದ ಮೂರನೇ ಬಂಡಾಯ

ಪುಸ್ತಕದ ಪ್ರಕಾರ ನರಗುಂದದಲ್ಲಿ ಎರಡು ಬಂಡಾಯಗಳಾದವು. 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ಮೇಲೆ ತಿರುಗಿಬಿದ್ದ. 1980ರ ಜುಲೈ 21ರಂದು, ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಹಾಕಿದರೆಂದು ರೈತರು ಎದ್ದರು. ಮೂರನೆಯದು ಪುಸ್ತಕಕ್ಕೆ ಸೇರಿಲ್ಲ. ಅದನ್ನು ಹೂಡಿದವಳು ನರಗುಂದಕ್ಕೆ ಕೊಟ್ಟ ನಮ್ಮ ಸೋದರತ್ತೆ. ಎದುರಾಳಿ ರೋಣದ ನಮ್ಮವ್ವ. ಕಾರಣ, ಒಂದು ತಾಮ್ರದ ಹಂಡೆ.

ಹಂಡೆ ಅಜ್ಜಿಯದು. ಮಗಳಿಗೇ ಕೊಡುತ್ತೇನೆ ಅಂದಿದ್ದಳೆಂದು ಅತ್ತೆಯ ವಾದ. ಕೊನೆಗಾಲದಲ್ಲಿ ನೀರು ಕಾಯಿಸಿ ಎರೆದ ಸೊಸೆಗೇ ಬಿಟ್ಟುಹೋದಳೆಂದು ಅವ್ವನ ವಾದ. ಅಜ್ಜಿ ಇಬ್ಬರಿಗೂ ಹೂಂ ಅಂದು ಕಣ್ಣು ಮುಚ್ಚಿದ್ದಳು. ಅಲ್ಲಿಂದ ಮದುವೆ, ಕುಬಸ, ಜಾತ್ರೆ, ಎಲ್ಲಿ ಕೂಡಿದರೂ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿಯೇ ಊಟಕ್ಕೆ ಕೂಡುವರು. ಅವ್ವನ ತವರು ಗಜೇಂದ್ರಗಡ. 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಒಪ್ಪಂದವಾದದ್ದು ಅಲ್ಲಿಯೇ. ಅಂಥವರೇ ರಾಜಿಯಾದ ಊರಿನ ಮಗಳು ಒಂದು ಹಂಡೆಯ ವಿಷಯದಲ್ಲಿ ಜಗ್ಗಲಿಲ್ಲ.

ಆಮೇಲೆ ಅವ್ವನಿಗೆ ಮರೆವು ಬಂತು. ಒಲೆಯ ಮೇಲಿನ ಹಾಲು ಉಕ್ಕಿತು, ಬೀಗದ ಕೈ ಜೋಳದ ಡಬ್ಬಿ ಸೇರಿತು, ಬಂದವರಿಗೆಲ್ಲ ಮೂರು ಮೂರು ಸಲ ಚಹಾ ಸಿಗತೊಡಗಿತು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆಗೆ ಕೂಡಿಸಿದರು.

“ನೂರರಾಗ ಏಳು ಕಳೀರಿ.”

“ನಾ ಯಾಕ ಕಳೀಲಿ? ಕಳಕೊಂಡವರು ಹುಡುಕ್ಕೋಬೇಕು.”

“ಆತು. ಯಜಮಾನ್ರ ಹೆಸರೇನು?”

ಅವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಡಾಕ್ಟರು ಸೊನ್ನೆ ಹಾಕಿಯೇಬಿಟ್ಟರು. 1901ರಲ್ಲಿ ಜರ್ಮನಿಯ ಡಾಕ್ಟರ್ ಆಲ್ಝೈಮರ್ ಇದೇ ಪ್ರಶ್ನೆ ಕೇಳಿದಾಗ ಅವರ ರೋಗಿ ಆಗಸ್ಟೆ ಗಂಡನ ಹೆಸರೆಂದು ತನ್ನ ಹೆಸರನ್ನೇ ಹೇಳಿದ್ದಳಂತೆ. ನಮ್ಮವ್ವನ ಸಂಗತಿಯೇ ಬೇರೆ. “ಮರತಿಲ್ರೀ, ಹೇಳೂದಿಲ್ಲ. ಒಡಪು ಹಾಕು ಅನ್ರಿ,” ಎಂದೆ. ಕೇಳಿದ್ದೇ ತಡ, ಕಾಲಕಾಲೇಶ್ವರನ ಗುಡ್ಡದ ಅಂತರಗಂಗೆಯಿಂದ ಹೊರಟು, ಪ್ರಾಸದ ಮೇಲೆ ಪ್ರಾಸ ಪೋಣಿಸುತ್ತ ರೋಣದ ಅಗಸಿ ದಾಟಿ, ಅಪ್ಪನ ಹೆಸರಿಗೆ ಬಂದು ನಿಂತಳು. ಡಾಕ್ಟರು ಸೊನ್ನೆ ಅಳಿಸಿದರು.

ಹೊಸದನ್ನು ದಾಖಲು ಮಾಡುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಈ ರೋಗದಲ್ಲಿ ಮೊದಲು ಸೊರಗುತ್ತದೆ, ಹಳೆಯದು ಬಹಳ ದಿನ ಉಳಿಯುತ್ತದೆ, ವಾದಕ್ಕಿಳಿಯಬೇಡಿ ಎಂದರು. ಹಗೇವಿನ ಬಾಯಿ ಮುಚ್ಚಿಹೋಗಿದೆ, ತಳದ ಜೋಳಕ್ಕೆ ಏನೂ ಆಗಿಲ್ಲ ಎಂದು ನಾನು ತಿಳಿದುಕೊಂಡೆ. ವಾದವೇ ಮನೆತನದ ಕಸುಬಾಗಿದ್ದ ನಮಗೆ ಮೂರನೆಯ ಮಾತೇ ಕಷ್ಟದ್ದು.

ಸಂಜೆಯಾಯಿತೆಂದರೆ ಅವ್ವನಿಗೆ ಚಡಪಡಿಕೆ. ಕೈಚೀಲ ಹಿಡಿದು ತವರಿಗೆ ಹೊರಡುವಳು. ಒಮ್ಮೆ ನನ್ನ ತಮ್ಮ, “ಇವತ್ತ ನರಗುಂದ ಬಂದ್ ಐತಿ, ಬಸ್ಸಿಲ್ಲ,” ಎಂದ. ಅವ್ವ ಅವನನ್ನು ಮರುಕದಿಂದ ನೋಡಿ, “ನರಗುಂದ ಪಡುವಲಕ್ಕೈತಿ, ಗಜೇಂದ್ರಗಡ ಮೂಡಲಕ್ಕೈತಿ. ನಿನಗ್ಯಾಕೋ ಮರವು ಬಂದೈತಿ ತಮ್ಮಾ,” ಎಂದಳು. ಕೊನೆಗೆ ಉಪಾಯ ಕೊಟ್ಟದ್ದು ಸರಕಾರ. 2018ರಲ್ಲಿ ಗಜೇಂದ್ರಗಡ ರೋಣದಿಂದ ಬೇರೆಯಾಗಿ ತಾಲೂಕಾಗಿತ್ತು. “ಅವ್ವಾ, ನಿಮ್ಮೂರು ತಾಲೂಕ ಆತು,” ಎಂದರೆ ಸಾಕು, ಚೀಲ ಕೆಳಗಿಟ್ಟು ಕೂಡುವಳು. “ಖರೇನ? ಇನ್ನ ನಿಮ್ಮ ರೋಣದವರ ಸೊಕ್ಕು ಇಳೀತು ಬಿಡು.” ಅದೇ ಸುದ್ದಿ, ದಿನವೂ ಹೊಸದು, ದಿನವೂ ಸಕ್ಕರೆ ಹಂಚಿಕೆ.

ಹೀಗಿರುವಾಗ ಅತ್ತೆ ಬಂದಳು. ಅವಳು ಬಂದದ್ದು ಕರುಣೆಯಿಂದಲ್ಲ, ಇದು ಖರೆಯೋ ಸೋಗೋ ನೋಡಲು. ಅವ್ವ ಬಾಗಿಲಿಗೇ ಹೋಗಿ ಕೈಹಿಡಿದು ಕರೆತಂದಳು. “ಬಾ ಯವ್ವಾ, ಬಿಸಿಲಾಗ ಬಂದಿ.” ಬಿಸಿರೊಟ್ಟಿ, ಎಣ್ಣೆಗಾಯಿ, ಮೇಲೆ ಕೆನೆಮೊಸರು. ಅತ್ತೆಯ ಮುಖ ಸಪ್ಪಗಾಯಿತು. ಇಷ್ಟು ವರ್ಷ ಮಸೆದಿಟ್ಟ ಮಾತುಗಳನ್ನು ಯಾರ ಮೇಲೆ ಬಿಡುವುದು?

ಊಟವಾದ ಮೇಲೆ ಅಡಕೆ ಕತ್ತರಿಸುತ್ತ ಅವ್ವ ದನಿ ತಗ್ಗಿಸಿದಳು. “ನಿನ್ನಂಥಾಕಿ ನನಗ ನಾದಿನಿ ಆಗಬೇಕಿತ್ತು ನೋಡು. ಒಬ್ಬಾಕಿ ಅದಾಳ, ನರಗುಂದದಾಕಿ.”

“ಹೌದೇನ ಯಕ್ಕಾ? ಹೆಂಗದಾಳ ಅಕಿ?”

ಅವ್ವ ಹೇಳಿದಳು. ಯಾವ ಕುಬಸದಲ್ಲಿ ಯಾವ ಸೀರೆ ಉಟ್ಟು ಯಾವ ಮಾತು ಆಡಿದ್ದಳು, ಎಷ್ಟು ಹೋಳಿಗೆ ಮುಚ್ಚಿಕೊಂಡು ಒಯ್ದಿದ್ದಳು, ಎಲ್ಲ. ಅತ್ತೆ ಮೊದಲು ಕೆಂಪಾದಳು. “ನಾಕಲ್ಲ ಯಕ್ಕಾ, ಎರಡ ಹೋಳಿಗಿ,” ಎಂದು ನಡುವೆ ತಿದ್ದಿದಳು. ಕೊನೆಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗಹತ್ತಿದಳು. ತನ್ನನ್ನು ಇಷ್ಟು ವಿವರವಾಗಿ ನೆನಪಿಟ್ಟುಕೊಂಡವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ.

ಹೊರಡುವಾಗ ಅವ್ವ ಬಚ್ಚಲದಿಂದ ಹಂಡೆಯನ್ನು ಹೊರಗೆ ತರಿಸಿದಳು. “ಇದನ್ನ ನೀ ಒಯ್ಯವಾ. ಅಕೀ ಕೈಗೆ ಮಾತ್ರ ಸಿಗಬಾರದು.” ಅತ್ತೆ ಕಾಲಕಾಲೇಶ್ವರನ ಮೇಲೆ ಆಣೆ ಮಾಡಿ ಹಂಡೆ ಒಯ್ದಳು.

ಮರುದಿನ ಬೆಳಿಗ್ಗೆ ಬಚ್ಚಲದಿಂದ ಕೂಗು. “ಹೊತ್ತಗೊಂಡ ಹೋದ್ಲು! ನರಗುಂದದಾಕೀನ! ನಾ ಹೇಳಿದ್ದಿಲ್ಲ?” ಅಷ್ಟು ವರ್ಷಗಳಲ್ಲಿ ಮೊದಲ ಸಲ ಆರೋಪಕ್ಕೆ ಪುರಾವೆ ಸಿಕ್ಕಿತ್ತು. ಅತ್ತೆಗೆ ಫೋನ್ ಹಚ್ಚಿ ಅವ್ವನ ಕೈಗೆ ಕೊಟ್ಟೆ. “ಹೌದ ಯಕ್ಕಾ, ಈಗ ನೋಡಿ ಬಂದೆ, ಅಕೀ ಮನ್ಯಾಗ ಐತಿ. ತಳಾ ಸೈತ ತಿಕ್ಕಿಲ್ಲ,” ಎಂದಳು ಅತ್ತೆ.

ಈಗ ದಿನವೂ ನರಗುಂದದಿಂದ ಫೋನು. ಅಲ್ಲಿಯಾಕೆ ಇವತ್ತು ಏನೇನು ಕಿತಾಪತಿ ಮಾಡಿದಳೆಂದು ಅತ್ತೆ ತಾನೇ ವರದಿ ಒಪ್ಪಿಸುತ್ತಾಳೆ, ಕಡಿಮೆ ಬಿದ್ದರೆ ಕೈಯಿಂದ ಸೇರಿಸುತ್ತಾಳೆ. ಎಲ್ಲ ಕೇಳಿ ಅವ್ವ ಸಮಾಧಾನ ಹೇಳುತ್ತಾಳೆ: “ಹೋಗ್ಲಿ ಬಿಡವಾ. ಅಕಿಗೂ ವಯಸ್ಸಾತು, ಅರಳು ಮರಳು ಆಗಿರಬೇಕು. ನಾವ ಸಂಭಾಳಿಸಿಕೊಂಡ ಹೋಗಬೇಕು.”